ಮಡಿಲು ತುಂಬಿ ಕಳಿಸಿದ ಮೇಲಿನ ಆಷಾಢ

ಮೊನ್ನೆ ಹಳೇಬೀಡಿನಿಂದ ಹಾಸನಕ್ಕೆ ಹೊರಟಿದ್ದ ಬಸ್ಸು ಹಗರೆ ಇನ್ನೂ ಸ್ವಲ್ಪ ದೂರ ಇರುವಾಗಲೇ ಒಂದು ಶಾಲೆಯ ಎದುರು ಕೆಟ್ಟು ನಿಂತಿತು. ಡ್ರೈವರು ಬಾನೆಟ್ ಎತ್ತಿದ, ಗಂಡಸರೆಲ್ಲ ಇಳಿದು ಅವನಿಗೆ ಬುದ್ಧಿ ಹೇಳತೊಡಗಿದರು. ಕಿಟಕಿಯ ಪಕ್ಕ ಕೂತಿದ್ದ ನನಗೆ ಶಾಲೆಯ ಕಡೆಯಿಂದ ಒಂದು ವಾಸನೆ ಬಂತು. ದೊಡ್ಡ ಪಾತ್ರೆಯಲ್ಲಿ ಹಾಲಿನ ಪುಡಿ ಕದಡಿ ಕುದಿಸುವಾಗ ಏಳುವ, ಸಿಹಿಯಾದ, ತುಸು ತಳ ಹಿಡಿದಂಥ ವಾಸನೆ. ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ನಾನು ಗಣಿತ ಕಲಿಸಿದ ಹೈಸ್ಕೂಲು ಅದಲ್ಲ, ನಮ್ಮದು ಅಲ್ಲಿಂದ ಇನ್ನೂ ಒಳಗಿನ ಹಳ್ಳಿಯಲ್ಲಿ. ಬೇರೆ ಟೀಚರುಗಳಿಗೆ ಆ ವಾಸನೆಯಿಂದ ಮಕ್ಕಳ ನೆನಪು ಬರಬಹುದು. ನನಗೆ ನಾಚಿಕೆ ಬರುತ್ತದೆ. ಬಸ್ಸಿನಲ್ಲಿ ಯಾರೂ ಪರಿಚಯದವರಿಲ್ಲದಿದ್ದರೂ ಸೆರಗು ಎಳೆದುಕೊಂಡು ಮುಖ ಆಚೆ ತಿರುಗಿಸಿ ಕೂತೆ.

ಎರಡು ವರ್ಷದ ಹಿಂದಿನ ಆಷಾಢದ ಮಾತು. ಸ್ವಯಂ ನಿವೃತ್ತಿ ಪಡೆದವರು ಮನೆಗೆ ಬಂದ ಮೇಲೆ ಏನು ಮಾಡುವುದೆಂದು ತಿಳಿಯದೆ ಒದ್ದಾಡುತ್ತಾರಂತೆ. ನಾನು ಆ ಒದ್ದಾಟವನ್ನೆಲ್ಲ ಶಾಲೆಯಲ್ಲೇ, ಹತ್ತು ಜನರ ಕಣ್ಣೆದುರಿಗೇ ಮಾಡಿ ಮುಗಿಸಿದೆ.

ನಮ್ಮ ಸ್ಟಾಫ್ ರೂಮಿನಲ್ಲಿ ‘ಸಾಕಾಗಿದೆ’ ಎನ್ನುವುದು ‘ಕಾಫಿ ಆಯ್ತಾ’ ಎನ್ನುವಷ್ಟೇ ಮಾಮೂಲಿ ಮಾತು. ಯಾರೂ ಅದನ್ನು ನಿಜವೆಂದು ಎಣಿಸುವುದಿಲ್ಲ. ನಾನೂ ವರ್ಷಗಟ್ಟಲೆ ಹೇಳಿಕೊಂಡೇ ಬಂದಿದ್ದೆ. ಪಾಠಕ್ಕಿಂತ ಮೊಬೈಲಿಗೆ ಮಾಹಿತಿ ತುಂಬುವುದೇ ಜಾಸ್ತಿಯಾದ ದಿನಗಳು ಅವು. ಒಂದು ದಿನ ಹೆಡ್ಮಾಸ್ಟರು ನಂಜೇಗೌಡರು ಮಕ್ಕಳ ಶೂ ಅಳತೆ ಸರಿಯಾಗಿ ಅಪ್‌ಲೋಡ್ ಆಗಿಲ್ಲ, ಇನ್ನೊಮ್ಮೆ ಹಾಕಿ ಮೇಡಂ ಅಂದರು. ಎರಡು ಸಲ ಹಾಕಿದ್ದೆ. ರೇಗಿಹೋಯಿತು. ನಾನೇನು ಗಣಿತದ ಟೀಚರೋ ಚಪ್ಪಲಿ ಅಂಗಡಿಯವಳೋ ಎಂದು ಎಲ್ಲರ ಎದುರಿಗೇ ಕೇಳಿಬಿಟ್ಟೆ. ಅಷ್ಟಕ್ಕೇ ಸುಮ್ಮನಾಗದೆ, ವಾಲಂಟರಿ ತಗೊಂಡು ಮನೆಯಲ್ಲಿ ನೆಮ್ಮದಿಯಾಗಿರುತ್ತೇನೆ ಅಂದೆ. ಅವರು ‘ಬೇಡ ಮೇಡಂ’ ಅಂದಿದ್ದರೆ ಗೊಣಗುತ್ತ ಶೂ ಅಳತೆ ತುಂಬಿರುತ್ತಿದ್ದೆ. ಜಗಳಕ್ಕೆ ಬಾರದ ಆ ಪುಣ್ಯಾತ್ಮರು ತಣ್ಣಗೆ ‘ನಿಮ್ಮಿಷ್ಟ ಮೇಡಂ’ ಅಂದರು. ಆ ಮಾತು ನನಗೆ ಚುಚ್ಚಿತು. ನಾನು ಹೋದರೆ ಇವರಿಗೇನೂ ಅಲ್ಲವೇ ಅನ್ನಿಸಿ, ಅದೇ ವಾರ ಅರ್ಜಿ ಬರೆದುಕೊಟ್ಟೆ. ಇನ್ನೂ ಏಳು ವರ್ಷದ ಸರ್ವಿಸ್ ಇತ್ತು.

ಮನೆಯಲ್ಲಿ ಅಡ್ಡಿಯಿರಲಿಲ್ಲ. ಮಗಳ ಮದುವೆ ಮುಗಿದಿತ್ತು. ಬೇಲೂರಿನಲ್ಲಿ ಗುಮಾಸ್ತರಾಗಿದ್ದ ನಮ್ಮನೆಯವರು ರಿಟೈರ್ ಆಗಿ ಆಗಲೇ ಎರಡು ವರ್ಷವಾಗಿತ್ತು. ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಅರಸೀಕೆರೆ ಬಸ್ಸು ಹತ್ತುತ್ತಿದ್ದರು. ಅಲ್ಲಿ ಸ್ನೇಹಿತರೊಬ್ಬರ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಾರೆ ಎಂದು ನಾನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ಅರ್ಜಿಯ ವಿಷಯ ತಿಳಿಸಿದಾಗ ಅವರು, ಯೋಚನೆ ಮಾಡಿದ್ದೀಯ ತಾನೆ, ಎಂದಷ್ಟೇ ಕೇಳಿದರು. ಮಾಡಿದ್ದೇನೆ ಎಂದು ಸುಳ್ಳು ಹೇಳಿದೆ.

ಜುಲೈ ಕೊನೆಯ ದಿನ ಬಿಡುಗಡೆ ಎಂದು ಆದೇಶ ಬಂತು. ಎಡವಟ್ಟು ಶುರುವಾದದ್ದು ಅಲ್ಲಿಂದ. ಹಿಂದಿ ಟೀಚರ್ ಪದ್ಮಾ ನಮ್ಮ ಶಾಲೆಯ ಸಮಾರಂಭಗಳಿಗೆಲ್ಲ ಯಜಮಾನಿ. ಅವಳು ಪಂಚಾಂಗ ತಿರುವಿ ಹಾಕಿ, ಆ ಹೊತ್ತಿಗೆ ಆಷಾಢ ಇರುತ್ತದೆ, ಆಷಾಢದಲ್ಲಿ ಶಾಲು ಹೊದಿಸಿ ಮಡಿಲು ತುಂಬುವುದುಂಟೇ ಎಂದಳು. ಎಲ್ಲರೂ ಹೌದಲ್ಲ ಅಂದರು, ನಾನೂ ಹೌದಲ್ಲ ಅಂದೆ. ಅಮಾವಾಸ್ಯೆ ಕಳೆಯುವುದರೊಳಗೆ, ಜ್ಯೇಷ್ಠದಲ್ಲೇ ಬೀಳ್ಕೊಡುಗೆ ಮುಗಿಸುವುದೆಂದು ತೀರ್ಮಾನವಾಯಿತು. ಬೀಳ್ಕೊಟ್ಟ ಮೇಲೂ ಹೆಚ್ಚುಕಡಿಮೆ ಒಂದು ತಿಂಗಳು ನಾನು ಕೆಲಸಕ್ಕೆ ಬರಬೇಕು ಎನ್ನುವುದು ಅಷ್ಟು ಜನ ಓದಿದವರಲ್ಲಿ ಯಾರ ತಲೆಗೂ ಹೋಗಲಿಲ್ಲ. ಲೆಕ್ಕದ ಟೀಚರಾದ ನನಗಂತೂ ಹೊಳೆಯಲೇ ಇಲ್ಲ. ಸನ್ಮಾನದ ಸಡಗರ ಅಂಥದ್ದು.

ಸಮಾರಂಭ ಭರ್ಜರಿಯಾಗಿಯೇ ಆಯಿತು. ಹಾರ, ಶಾಲು, ಹಣ್ಣಿನ ಬುಟ್ಟಿ, ಎಲ್ಲರ ಹೆಸರು ಬರೆಸಿದ ಗೋಡೆ ಗಡಿಯಾರ. ಪದ್ಮಾ ಮತ್ತು ಅಡುಗೆಯ ಹೆಂಗಸರು ಸೇರಿ, ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ ನನ್ನ ಮಡಿಲಿಗೆ ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ, ರವಿಕೆ ಕಣ ಹಾಕಿ ಆರತಿ ಎತ್ತಿದರು. ಹತ್ತನೇ ತರಗತಿಯ ಹುಡುಗಿಯರು ಬಿಕ್ಕಿ ಬಿಕ್ಕಿ ಅತ್ತರು. ನಾನು ಮೈಕ್ ಹಿಡಿದು, ಇಷ್ಟು ದಿನ ಶಾಲೆಯ ಬೆಲ್ಲಿಗಾಗಿ ಬದುಕಿದೆ, ನಾಳೆಯಿಂದ ನನಗಾಗಿ ಬದುಕುತ್ತೇನೆ ಎಂದು ಭಾಷಣ ಹೊಡೆದೆ. ಚಪ್ಪಾಳೆ ಬಿತ್ತು. ಕಾರಿನಲ್ಲಿ ಹಳೇಬೀಡಿನ ಮನೆಬಾಗಿಲವರೆಗೂ ತಂದು ಬಿಟ್ಟರು, ಕೇಸರಿಬಾತು ತಿಂದು ಹೋದರು.

ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ದಿನವೂ ನೋಡುವ ಕಂಡಕ್ಟರು ನನ್ನನ್ನು ಕಂಡು ಒಂದು ಗಳಿಗೆ ಟಿಕೆಟ್ ಕೊಡುವುದನ್ನೇ ಮರೆತ. ನಿನ್ನೆ ಹಾರ ಹಾಕಿಕೊಂಡು ಕಾರಿನಲ್ಲಿ ಹೋದವರಲ್ಲವೇ ಎಂದು ಮೆಲ್ಲಗೆ ಕೇಳಿದ. ಏನೋ ಕೆಲಸ ಬಾಕಿಯಿದೆ ಎಂದು ಗೊಣಗಿದೆ. ಶಾಲೆಯ ಗೇಟಿನೊಳಗೆ ಕಾಲಿಟ್ಟಾಗ ಪ್ರಾರ್ಥನೆ ನಡೆಯುತ್ತಿತ್ತು, ಹಾಲು ಕುದಿಯುತ್ತಿತ್ತು. ಸಾಲಾಗಿ ನಿಂತಿದ್ದ ಮಕ್ಕಳೆಲ್ಲ ಹಾಡುತ್ತಲೇ ಕತ್ತು ತಿರುಗಿಸಿ ನನ್ನನ್ನು ನೋಡಿದರು. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು.

ಸ್ಟಾಫ್ ರೂಮಿನಲ್ಲಿ ಪದ್ಮಾ ನಗು ತಡೆಯಲಾರದೆ ಹೇಳಿದಳು: “ಬಿಡಿ ಮೇಡಂ, ಹೊಸ ಮದುಮಗಳು ಆಷಾಢಕ್ಕೆ ತವರಿಗೆ ಬಂದ್ರೆ ಯಾರಾದ್ರೂ ಏನಾದ್ರೂ ಅಂತಾರಾ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ತಿಂಗಳು ಮುಗಿಯುವವರೆಗೂ ಆ ಮಾತು ನನ್ನ ಬೆನ್ನು ಬಿಡಲಿಲ್ಲ. ತವರು ಹೇಗಿದೆ ಮೇಡಂ ಎಂದು ಡ್ರಿಲ್ ಮಾಸ್ಟರು ಕೂಡ ಕೇಳುವಂತಾಯಿತು.

ತಮಾಷೆಯನ್ನಾದರೂ ಸಹಿಸಬಹುದಿತ್ತು. ಮಕ್ಕಳ ಮುಖ ನೋಡುವುದು ಕಷ್ಟವಾಯಿತು. ಅತ್ತಿದ್ದ ಹುಡುಗಿಯರು ನನ್ನನ್ನು ಕಂಡರೆ ಪಕ್ಕಕ್ಕೆ ಸರಿಯುತ್ತಿದ್ದರು. ಅತ್ತದ್ದು ದಂಡವಾಯಿತಲ್ಲ ಎಂದು ಅವರಿಗೆ ನಾಚಿಕೆ, ಅಳಿಸಿದೆನಲ್ಲ ಎಂದು ನನಗೆ. ಅವರಲ್ಲಿ ರಕ್ಷಿತಾ ಎಂಬ ಹುಡುಗಿ ಮಾತ್ರ ನೇರ ಸ್ವಭಾವದವಳು. ನಲ್ಲಿಯ ಹತ್ತಿರ ಸಿಕ್ಕಾಗ ಕೇಳಿದಳು, “ಮಿಸ್, ತಿಂಗಳ ಕೊನೇಲಿ ಇನ್ನೊಂದ್ಸಲ ಫಂಕ್ಷನ್ ಐತಾ? ಮತ್ತೆ ಅಳ್ಬೇಕಾ?” ಕೀಟಲೆಗೆ ಕೇಳಿದ್ದಲ್ಲ, ನಿಜವಾಗಿಯೇ ತಿಳಿದುಕೊಳ್ಳಬೇಕಿತ್ತು ಅವಳಿಗೆ. ಇಲ್ಲಮ್ಮ, ಒಂದು ಸಲ ಅತ್ತದ್ದೇ ಸಾಕು ಅಂದೆ.

ಕೆಲಸವಾದರೂ ಇದ್ದಿದ್ದರೆ ತಲೆ ತಗ್ಗಿಸಿಕೊಂಡು ದಿನ ನೂಕಬಹುದಿತ್ತು. ಹತ್ತನೆಯವರಿಗೆ ನಡುವೆ ಟೀಚರ್ ಬದಲಾದರೆ ತೊಂದರೆ ಎಂದು ನಂಜೇಗೌಡರು ನನ್ನ ಪೀರಿಯಡ್ಡುಗಳನ್ನೆಲ್ಲ ಮೊದಲೇ ವಿಜ್ಞಾನದ ಸಂತೋಷನಿಗೆ ಹಂಚಿದ್ದರು. ಅವರು ಮಾಡಿದ್ದು ಸರಿಯಾಗಿಯೇ ಇತ್ತು. ‘ನೀವು ಆರಾಮಾಗಿ ಕೂತ್ಕೊಳ್ಳಿ ಮೇಡಂ, ಇಷ್ಟು ವರ್ಷ ದುಡಿದಿದ್ದೀರಿ’ ಎಂದು ಕಿಟಕಿಯ ಪಕ್ಕದ ಕುರ್ಚಿ ತೋರಿಸಿದರು. ನಾನು ಕೂತೆ. ಆಷಾಢದ ಗಾಳಿ ಚಾವಣಿಯ ಶೀಟುಗಳನ್ನು ಬಡಿಯುತ್ತಿತ್ತು. ಜಿಟಿಜಿಟಿ ಮಳೆ ಬರುವುದು, ಬಿಡುವುದು. ಕಿಟಕಿಯಾಚೆಯ ಹೊಲಗಳಲ್ಲಿ ರಾಗಿ ಬಿತ್ತುವವರು, ಆಲೂಗಡ್ಡೆಗೆ ಮಣ್ಣು ಏರಿಸುವವರು, ಎಲ್ಲರಿಗೂ ಕೈತುಂಬ ಕೆಲಸ. ಬೆಲ್ಲು ಹೊಡೆದಾಗಲೆಲ್ಲ ನನ್ನ ಕಾಲು ತಾನಾಗಿ ಏಳುತ್ತಿತ್ತು. ಎದ್ದ ಮೇಲೆ ಎಲ್ಲಿಗೂ ಹೋಗುವುದಕ್ಕಿಲ್ಲ ಎಂದು ನೆನಪಾಗಿ, ನೀರು ಕುಡಿಯುವ ನೆವ ಮಾಡಿ ಮತ್ತೆ ಕೂರುತ್ತಿದ್ದೆ. ದಿನಕ್ಕೆ ಎಷ್ಟೆಂದು ನೀರು ಕುಡಿಯುವುದು.

ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ ಎನ್ನುವುದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ. ಅಡುಗೆ ಕೋಣೆಗೆ ಹೋಗಿ ಸಾರಿಗೆ ಉಪ್ಪು ಕಮ್ಮಿ ಎಂದೆ. ಪದ್ಮಾ ತಿದ್ದಿಟ್ಟ ಪುಸ್ತಕಗಳನ್ನು ಮತ್ತೆ ತಿರುವಿ ಹಾಕಿದೆ. ಸಂತೋಷನ ತರಗತಿಯ ಹೊರಗೆ ನಿಂತು ಅವನು ಮಾಡುವ ಲೆಕ್ಕಕ್ಕೆ ಕಿವಿಕೊಟ್ಟೆ. ಒಂದು ದಿನ ಅವನು ಬಾಗಿಲಿಗೆ ಬಂದು, ಏನಾದ್ರೂ ಬೇಕಿತ್ತಾ ಮೇಡಂ ಎಂದು ವಿನಯದಿಂದಲೇ ಕೇಳಿದ. ನನ್ನ ತರಗತಿಯ ಬಾಗಿಲಲ್ಲಿ ನನ್ನನ್ನೇ ಏನು ಬೇಕಿತ್ತು ಎಂದು ಕೇಳಿದಂತಾಗಿ ಕಣ್ಣಲ್ಲಿ ನೀರು ಬಂತು. ಸೀಮೆಸುಣ್ಣ ಬೇಕಿತ್ತು ಅಂದೆ. ಅವನು ಎರಡು ಕೊಟ್ಟ. ಅವನ್ನು ಕೈಯಲ್ಲಿ ಹಿಡಿದು ಕಾರಿಡಾರಿನಲ್ಲಿ ವಾಪಸ್ ಬರುವಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆ ದಿನವೇ ಅರ್ಜಿ ವಾಪಸ್ ತೆಗೆದುಕೊಳ್ಳುವ ಯೋಚನೆ ಬಂದದ್ದು. ನಂಜೇಗೌಡರನ್ನು ಸುತ್ತಿ ಬಳಸಿ ಕೇಳಿದೆ. ತಿಂಗಳು ಮುಗಿಯುವ ಮೊದಲು ಬರೆದುಕೊಟ್ಟರೆ ಕೇಳಿ ನೋಡಬಹುದು, ಆಗಬಹುದು ಅಂದರು. ಖುಷಿಯಿಂದಲೇ ಅಂದರು. ಆದರೆ ಹಾಗೆ ಅನ್ನುವಾಗ ಅವರ ಕಣ್ಣು ಗೋಡೆಗೆ ಅಂಟಿಸಿದ್ದ ಬೀಳ್ಕೊಡುಗೆಯ ಬ್ಯಾನರಿನ ಕಡೆ ಹೋಯಿತು. ನನ್ನ ಕಣ್ಣೂ ಹೋಯಿತು. ಶಾಲು, ಗಡಿಯಾರ, ಮಕ್ಕಳ ಅಳು, ನನ್ನ ಆ ದರಿದ್ರ ಭಾಷಣ, ಇಷ್ಟನ್ನೂ ನುಂಗಿಕೊಂಡು ಇನ್ನೂ ಏಳು ವರ್ಷ ಇದೇ ಗೇಟಿನೊಳಗೆ ಬರುವುದು ಹೇಗೆ? ಮಡಿಲಕ್ಕಿಯನ್ನಂತೂ ಆಗಲೇ ಪಾಯಸ ಮಾಡಿ ತಿಂದಾಗಿತ್ತು. ಹೋದರೆ ಮನೆಯಲ್ಲಿ ಹೀಗೆಯೇ ಕೂರಬೇಕು, ಉಳಿದರೆ ಊರು ನಗುತ್ತದೆ. ಯಾವ ಕಡೆ ತಿರುಗಿದರೂ ನಾಚಿಕೆಯೇ.

ಮರುದಿನ ಶಾಲೆಗೆ ಹೋಗಲು ಮನಸ್ಸಾಗದೆ ರಜೆ ಹಾಕಿದೆ. ಮನೆಯಲ್ಲಿದ್ದರೆ ಅಕ್ಕಪಕ್ಕದವರು ಕೇಳುತ್ತಾರೆ. ನಮ್ಮನೆಯವರು ಹೊರಟುಹೋದ ಮೇಲೆ ನಾನೂ ಬಾಗಿಲು ಹಾಕಿಕೊಂಡು, ಶಾಲೆಯ ದಿಕ್ಕು ಬಿಟ್ಟು ಮುಂದಿನ ಅರಸೀಕೆರೆ ಬಸ್ಸು ಹತ್ತಿದೆ. ಅಲ್ಲಿ ಇಳಿದ ಮೇಲೆ ಎಲ್ಲಿಗೆ? ಹೋಟೆಲಿನಲ್ಲಿ ಒಬ್ಬಳೇ ಹೆಂಗಸು ಎಷ್ಟು ಹೊತ್ತು ಕೂರಲಾದೀತು. ಮಳೆ ಹನಿಯುತ್ತಿತ್ತು. ರೈಲ್ವೆ ಸ್ಟೇಷನ್ನಿಗೆ ಹೋಗಿ ಪ್ಲಾಟ್‌ಫಾರಂ ಟಿಕೆಟ್ ತಗೊಂಡು ಒಳಗೆ ನಡೆದೆ. ಬಾಣಾವರದ ಕಡೆಯಿಂದ ಬಂದ ರೈಲು ಆಗಷ್ಟೇ ಖಾಲಿಯಾಗುತ್ತಿತ್ತು. ಜನ ಕರಗಿದ ಮೇಲೆ ನೋಡಿದರೆ, ಕಂಬದ ಪಕ್ಕದ ಬೆಂಚಿನ ಮೇಲೆ ನಮ್ಮನೆಯವರು ಕೂತಿದ್ದರು. ಪಕ್ಕದಲ್ಲಿ ನಾನು ಕಟ್ಟಿಕೊಟ್ಟ ಬುತ್ತಿಯ ಚೀಲ.

ನನ್ನನ್ನು ಕಂಡು ಎದ್ದು ನಿಂತುಬಿಟ್ಟರು. ಯಾರಿಗೇನಾಯ್ತು ಎಂದು ಗಾಬರಿಯಿಂದ ಕೇಳಿದರು. ಯಾರಿಗೂ ಏನೂ ಆಗಿಲ್ಲ ಎಂದು ಸಮಾಧಾನ ಮಾಡಿ ಪಕ್ಕದಲ್ಲಿ ಕೂತೆ. ಮಂಡಿಯ ಮಾತು ಎತ್ತಿದೆ. ಮಂಡಿಯಲ್ಲಿ ಒಂದೆರಡು ತಿಂಗಳು ಕೂತದ್ದು ನಿಜವಂತೆ. ಆಮೇಲೆ ಸ್ನೇಹಿತರ ಮಗ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಹಾಕಿದ ಮೇಲೆ ಇವರಿಗೆ ಅಲ್ಲಿ ಕೆಲಸವಿರಲಿಲ್ಲ. ಅಂದಿನಿಂದ ಇಲ್ಲಿಗೆ ಬರುತ್ತಾರೆ. ಪೇಪರ್ ಓದುತ್ತಾರೆ, ರೈಲು ನೋಡುತ್ತಾರೆ, ಇವರ ಹಾಗೆಯೇ ಬಂದು ಕೂರುವ ಒಂದಿಬ್ಬರ ಜೊತೆ ಮಾತಾಡುತ್ತಾರೆ, ಊಟ ಮಾಡಿ ಸಂಜೆ ಬಸ್ಸಿಗೆ ವಾಪಸ್. ಇದನ್ನೇನೂ ಕದ್ದುಮುಚ್ಚಿ ಮಾಡಿದ್ದಲ್ಲ, ನಾನು ಕೇಳಿರಲಿಲ್ಲ ಅಷ್ಟೆ.

“ಮನೇಲೇ ಇರಬಹುದಿತ್ತಲ್ಲ,” ಅಂದೆ.

“ಇಲ್ಲಿ ಕೂತೋರನ್ನ ಯಾಕೆ ಕೂತಿದ್ದೀರಿ ಅಂತ ಯಾರೂ ಕೇಳಲ್ಲ ಕಣೇ,” ಅಂದರು. ದೂರುವ ದನಿಯಲ್ಲ, ಬಸ್ಸಿನ ಟೈಮು ಹೇಳುವ ದನಿ.

ಆಗ ನನಗೆ ನೆನಪಾಯಿತು. ಅವರು ರಿಟೈರ್ ಆದ ಮೊದಲ ವಾರ. ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಿನಲ್ಲಿ ಮನೆ ಮುಂದಿನ ಜಗಲಿಯ ಮೇಲೆ ಕಾಲು ಚಾಚಿ ಪೇಪರ್ ಓದುತ್ತಿದ್ದರು. ಅಂದು ನನಗೆ ಶಾಲೆಗೆ ರಜೆ. ಎದುರು ಮನೆಯವಳು ಒಂದು ಥರ ನೋಡಿಕೊಂಡು ಹೋದಳು. ನಾನು ಹೊರಗೆ ಬಂದು, ಒಳಗೆ ಬಂದು ಕೂತುಕೊಳ್ಳಿ, ಹೋಗುವವರು ಬರುವವರೆಲ್ಲ ನೋಡುತ್ತಾರೆ ಅಂದೆ. ಅವರು ಪೇಪರ್ ಮಡಚಿಕೊಂಡು ಒಳಗೆ ಬಂದರು. ಮುಂದಿನ ವಾರ ಮಂಡಿಯ ಮಾತು ಬಂತು. ಮನೆಯಲ್ಲಿ ಹೊತ್ತು ಹೋಗುತ್ತಿಲ್ಲ ಪಾಪ ಎಂದುಕೊಂಡಿದ್ದೆ. ಸ್ಟಾಫ್ ರೂಮಿನ ಕುರ್ಚಿಯಲ್ಲಿ ಇಷ್ಟು ದಿನ ನಾನು ಯಾವ ಕಣ್ಣುಗಳಿಗೆ ಹೆದರಿ ಕೂತಿದ್ದೆನೋ, ಅದೇ ಕಣ್ಣುಗಳನ್ನು ಅವರ ಮೇಲೆ ಬಿಟ್ಟವಳು ನಾನೇ. ಬೆಂಚಿನ ಮೇಲೆ ಅವರ ಪಕ್ಕ ಕೂತು ತಲೆ ಎತ್ತಲಾಗಲಿಲ್ಲ. ಶಾಲೆಯಲ್ಲಿ ಪಟ್ಟ ನಾಚಿಕೆಯೆಲ್ಲ ಸೇರಿದರೂ ಇದರ ಮುಂದೆ ಏನೂ ಅಲ್ಲ ಅನ್ನಿಸಿತು.

ಅವರು ಬುತ್ತಿ ಬಿಚ್ಚಿದರು. ಒಂದೇ ಡಬ್ಬಿಯ ಚಿತ್ರಾನ್ನವನ್ನು ಮುಚ್ಚಳಕ್ಕೆ ಅರ್ಧ ಹಾಕಿ ನನಗೆ ಕೊಟ್ಟರು. ತಿನ್ನುತ್ತ ಅರ್ಜಿ ವಾಪಸ್ ತಗೊಳ್ಳುವ ಯೋಚನೆ ಹೇಳಿದೆ. ಒಂದು ಗೂಡ್ಸ್ ಹಾದುಹೋಯಿತು.

“ಪಾಠ ಮಾಡಬೇಕು ಅಂತ ಆಸೆ ಇದ್ರೆ ಧಾರಾಳವಾಗಿ ತಗೋ,” ಅಂದರು. “ಮನೇಲಿ ಕೂರೋಕೆ ನಾಚಿಕೆ ಅಂತ ತಗೋಬೇಡ. ಏಳು ವರ್ಷ ಆದ್ಮೇಲೂ ಕೂರಲೇಬೇಕಲ್ಲ ವಿಶಾಲೂ. ಆಗ ನಿಂಗೆ ಇನ್ನೂ ವಯಸ್ಸಾಗಿರುತ್ತೆ, ನಂಗೂ ಆಗಿರುತ್ತೆ.”

ಉಳಿದ ದಿನಗಳಲ್ಲಿ ಕಿಟಕಿಯ ಪಕ್ಕ ಕೂತು ನನ್ನನ್ನು ನಾನೇ ಕೇಳಿಕೊಂಡೆ. ಏನು ಬೇಕಿದೆ ನಿನಗೆ? ಗಣಿತವೇ? ಮಕ್ಕಳೇ? ಸುಳ್ಳು ಹೇಳಬಾರದು, ಪಾಠದ ಆಸೆ ನನ್ನಲ್ಲಿ ಆರಿ ವರ್ಷಗಳೇ ಆಗಿದ್ದವು. ನನಗೆ ಬೇಕಿದ್ದದ್ದು ಬೆಳಿಗ್ಗೆ ಚೀಲ ಹಿಡಿದು ಹೊರಡುವುದು, ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವವರು, ಗೇಟಿನಲ್ಲಿ ನಮಸ್ತೆ ಮಿಸ್ ಎನ್ನುವವರು. ಇಷ್ಟಕ್ಕಾಗಿ ಮಕ್ಕಳ ಮುಂದೆ ಇನ್ನೂ ಏಳು ವರ್ಷ ನಿಲ್ಲುವುದು ನ್ಯಾಯವಲ್ಲ. ಅರ್ಜಿ ವಾಪಸ್ ತೆಗೆದುಕೊಳ್ಳಲಿಲ್ಲ. ಊರಿನ ನಗುವಿಗೆ ಹೆದರಿ ಬಿಟ್ಟೆನೇ ಎಂದು ಈಗಲೂ ಒಮ್ಮೊಮ್ಮೆ ಅನುಮಾನ ಬರುತ್ತದೆ. ಅಲ್ಲ ಎಂದು ಎದೆ ಮುಟ್ಟಿ ಹೇಳಲಾರೆ.

ಕೊನೆಯ ದಿನವೂ ಆಷಾಢವೇ. ಮತ್ತೊಂದು ಸಮಾರಂಭವಿರಲಿಲ್ಲ, ಇರುವಂತೆಯೂ ಇರಲಿಲ್ಲ. ಸಹಿ ಹಾಕಿ ಬೀರುವಿನ ಬೀಗದ ಕೈ ಒಪ್ಪಿಸಿದೆ. ಮಕ್ಕಳು ತರಗತಿಯಲ್ಲಿದ್ದರು. ಇಡೀ ತಿಂಗಳು ನನ್ನನ್ನು ಆಡಿಕೊಂಡು ನಕ್ಕಿದ್ದ ಪದ್ಮಾ ಗೇಟಿನವರೆಗೆ ಬಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಮಾರಂಭದ ದಿನ ಅವಳು ಅತ್ತಿರಲಿಲ್ಲ. ನಾನು ದಿನದ ಬಸ್ಸಿಗೆ, ದಿನದ ಚೀಲ ಹಿಡಿದು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಜಗಲಿ ಗುಡಿಸಿ ಎರಡು ಕುರ್ಚಿ ಹಾಕಿದೆ. ಇಲ್ಲೇ ಕೂತ್ಕೊಳ್ಳಿ, ಇವತ್ತು ಅರಸೀಕೆರೆ ಬೇಡ ಎಂದು ಅವರನ್ನು ಕರೆದೆ. ಅವರು ಕುರ್ಚಿ ನೋಡಿದರು, ಬೀದಿ ನೋಡಿದರು. ಅಲ್ಲಿ ರೂಢಿಯಾಗಿದೆ, ಸ್ಟೇಷನ್ನಿನ ಜೊತೆಗಾರರು ಕಾಯುತ್ತಿರುತ್ತಾರೆ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ನಾನೂ ಜೊತೆಗೆ ಬರುತ್ತೇನೆ ಎಂದರೆ, ನೀನು ಬಂದರೆ ಅವರೆಲ್ಲ ಸಂಕೋಚ ಪಡುತ್ತಾರೆ ಎಂದರು. ಸಿಟ್ಟಿರಲಿಲ್ಲ ಅವರಲ್ಲಿ. ಸಿಟ್ಟಾದರೂ ಇದ್ದಿದ್ದರೆ ಜಗಳವಾಡಿ ಸರಿಮಾಡಿಕೊಳ್ಳಬಹುದಿತ್ತು.

ನಾನೊಬ್ಬಳೇ ಕೂತೆ. ಮೊದಲ ವಾರ ಪ್ರತಿ ಕಣ್ಣೂ ಮುಳ್ಳಿನಂತೆ ಚುಚ್ಚಿತು. ಸ್ಕೂಲಿಲ್ವಾ ಮೇಡಮ್ಮ ಎಂದು ಕೇಳಿದವರಿಗೆಲ್ಲ, ಕೆಲಸ ಬಿಟ್ಟೆ, ಸುಮ್ಮನೆ ಕೂತಿದ್ದೇನೆ ಎಂದು ಹೇಳುವುದನ್ನು ಅಭ್ಯಾಸ ಮಾಡಿಕೊಂಡೆ. ನೆವ ಹೇಳಬಾರದು ಎನ್ನುವುದೊಂದೇ ನಾನು ನನಗೆ ಹಾಕಿಕೊಂಡ ಪಾಠ. ಟ್ಯೂಷನ್ ಮಾಡಿ ಎಂದು ನಾಲ್ಕು ಜನ ಕೇಳಿದರು. ಅದೂ ನೆವವೇ ಆದೀತೆಂದು ಮೊದಲ ವರ್ಷ ಒಪ್ಪಲಿಲ್ಲ. ಈಗ ಯಾರಾದರೂ ಮಕ್ಕಳು ತಾವಾಗಿ ಪುಸ್ತಕ ಹಿಡಿದು ಬಂದರೆ ಹೇಳಿಕೊಡುತ್ತೇನೆ, ಬರದಿದ್ದರೆ ಇಲ್ಲ. ಅವರೆಕಾಯಿ ಕಾಲದಲ್ಲಿ ಬೀದಿಯ ಹೆಂಗಸರು ತಮ್ಮ ಮೊರ ತಂದು ನನ್ನ ಜೊತೆ ಕಾಯಿ ಸುಲಿಯುತ್ತಾರೆ. ಇಷ್ಟು ವರ್ಷ ಇದೇ ಬೀದಿಯಲ್ಲಿದ್ದು ಅವರಲ್ಲಿ ಅರ್ಧ ಜನರ ಹೆಸರು ನನಗೆ ತಿಳಿದಿರಲಿಲ್ಲ. ತೃಪ್ತಿ ಎನ್ನುವುದು ಇದೇ ಇರಬೇಕು. ಹೊತ್ತು ಹೋಗುತ್ತಿಲ್ಲ ಎಂದು ಅನ್ನಿಸಿ ಬಹಳ ದಿನಗಳಾದವು. ಎರಡನೆಯ ಕುರ್ಚಿಯಲ್ಲಿ ಮಾತ್ರ ಪೇಪರ್ ಇರುತ್ತದೆ, ಬೆಕ್ಕು ಇರುತ್ತದೆ, ಅವರು ಇರುವುದಿಲ್ಲ.

ಮೊನ್ನೆ ಬಸ್ಸು ಕೆಟ್ಟ ದಿನ ಮನೆಗೆ ಬಂದವಳು ಇಷ್ಟು ದಿನ ನಾಲಿಗೆಯ ತುದಿಯಲ್ಲೇ ಉಳಿದಿದ್ದ ಮಾತನ್ನು ಆಡಿಬಿಟ್ಟೆ. “ಅವತ್ತು ನಿಮ್ಮನ್ನ ಒಳಗೆ ಬನ್ನಿ ಅಂದೆನಲ್ಲ, ಅದು ತಪ್ಪಾಯ್ತು ಕಣ್ರೀ,” ಅಂದೆ. ಯಾವತ್ತು ಎಂದು ಅವರು ಕೇಳಲಿಲ್ಲ. ತಲೆ ಅಲ್ಲಾಡಿಸಿ ಕೈ ತೊಳೆಯಲು ಎದ್ದರು.

ಇವತ್ತು ಬೆಳಿಗ್ಗೆ ಬುತ್ತಿಯ ಚೀಲ ಹಿಡಿದು ಹೊರಟವರು ಜಗಲಿಯ ಮೇಲೆ ನಿಂತರು. ಬಸ್ಸಿನ ಹಾರನ್ ಕೇಳಿಸಿತು, ಹೋಗಲಿಲ್ಲ. ಪೇಪರ್ ಎತ್ತಿಕೊಂಡು ಕುರ್ಚಿಯ ತುದಿಯಲ್ಲಿ ಕೂತರು. ನಾನು ಸೊಪ್ಪು ಬಿಡಿಸುತ್ತಿದ್ದೆ. ಅಷ್ಟರಲ್ಲಿ ಡೈರಿಗೆ ಹಾಲು ಹಾಕಿ ಬೀದಿಯಲ್ಲಿ ವಾಪಸ್ ಬರುತ್ತಿದ್ದ ಗಂಗಮ್ಮ ನಿಂತು ಕೇಳಿದಳು, “ಏನ್ ಸ್ವಾಮಿ, ಇವತ್ತು ಕೂತ್ಬುಟ್ಟಿದ್ದೀರಿ? ಊರ್ಗೋಗ್ಲಿಲ್ವಾ?”

ಅವರು ಉತ್ತರ ಹೇಳಲು ಬಾಯಿ ತೆರೆದರು. ತೆರೆದವರು ಮಾತು ಹೊರಡುವ ಮೊದಲು ನನ್ನ ಮುಖ ನೋಡಿದರು.